ಕಳಸಗಿತ್ತಿಯ ಫೋಟೋ

ಅಣ್ಣನ ಮದುವೆಗೆ ಹೊರಗಿನ ಫೋಟೋದವರು ಬೇಡ, ನಾನೇ ತೆಗೆಯುತ್ತೇನೆ ಎಂದು ಹಟ ಹಿಡಿದವಳು ನಾನು. ನಮ್ಮಲ್ಲಿ ಮದುಮಗನ ತಂಗಿ ಕಳಸ ಹಿಡಿದು ಅವನ ಪಕ್ಕ ನಿಲ್ಲಬೇಕು. ಅವಳೇ ಕಳಸಗಿತ್ತಿ.

"ನೀ ಕ್ಯಾಮೆರಾ ಹಿಡದ್ರ ಕಳಸಾ ಯಾರ ಹಿಡೀಬೇಕ?" ಎಂದಳು ಅವ್ವ.

"ಯಾರರ ಹಿಡೀಲಿ."

ಈ ಮಾತು ನನ್ನ ಡೈರಿಯಲ್ಲಿದೆ. ಇಲ್ಲದಿದ್ದರೆ ಅವ್ವನೇ ನನಗೆ ಕಳಸ ಬಿಡಿಸಿದಳು ಎಂದು ಇಷ್ಟರಲ್ಲಿ ನಂಬಿಬಿಟ್ಟಿರುತ್ತಿದ್ದೆ.

ಕಳಸ ಹಿಡಿದವಳು ಸವದತ್ತಿಯ ಕಾಕಾನ ಮಗಳು, ನನಗಿಂತ ನಾಲ್ಕು ವರ್ಷ ಚಿಕ್ಕವಳು. ನನಗೆಂದು ತಂದಿಟ್ಟಿದ್ದ ಹಸಿರು ಇಳಕಲ್ ಸೀರೆ ಅವಳಿಗೆ ಹೋಯಿತು. ಬೈಲಹೊಂಗಲದ ಆ ಕಲ್ಯಾಣ ಮಂಟಪದಲ್ಲಿ ಮುನವಳ್ಳಿಯ ಬೀಗರೆಲ್ಲ ಅವಳನ್ನೇ ಮಾತಾಡಿಸುತ್ತಿದ್ದರು. ನನಗೆ ಮಾತ್ರ, "ಏ ತಂಗಿ, ಅಡ್ಡ ನಿಂತೀಯಲ್ಲ, ಸ್ವಲ್ಪ ಸರಿ" ಎಂದರು. ಅವಳು ಅಣ್ಣನ ತೋಳಿಗೆ ತಾಗಿ ನಿಂತಿದ್ದಳು. ನಾನು ಐದು ಹೆಜ್ಜೆ ಆಚೆ, ಒಂದು ಕಣ್ಣು ಮುಚ್ಚಿಕೊಂಡು.

ಎರಡು ವಾರ ಕಳೆದು ಅವಳು ಪೆನ್‌ಡ್ರೈವ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಕಳಸ ಹಿಡಿದ ಒಂದು ಫೋಟೋ ಬೇಕು, ದೊಡ್ಡದು ಮಾಡಿಸಿ ಕಟ್ಟು ಹಾಕಿಸಬೇಕು. ನಾನು ಆರಿಸಿಟ್ಟಿದ್ದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ತೋರಿಸಿದೆ.

"ಎಲ್ಲಾದರಾಗೂ ಬರೇ ನನ್ನ ಮೊಣಕೈ ಐತಲ್ಲ ಅಕ್ಕಾ! ಮೊಣಕೈಗೆ ಕಟ್ಟ ಹಾಕಸ್ಲೇನ?"

"ಮಂದಿ ನೂಕ್ತಿದ್ರವಾ, ನಾ ಏನ ಮಾಡ್ಲಿ?"

ಹೇಳುವಾಗ ಅದು ನಿಜವೆಂದೇ ಅನಿಸಿತ್ತು. ಅವಳು ಚಹಾ ತರಲು ಒಳಗೆ ಹೋದಾಗ, ಖಾತ್ರಿ ಮಾಡಿಕೊಳ್ಳಲೆಂದು ಕತ್ತರಿಸದ ಮೂಲ ಫೋಟೋಗಳನ್ನು ತೆರೆದೆ. ಅವುಗಳಲ್ಲಿ ಅವಳು ಇಡಿಯಾಗಿ ಇದ್ದಳು. ಯಾರೂ ನೂಕಿರಲಿಲ್ಲ. ಅಂಚು ಸರಿಮಾಡುತ್ತೇನೆ ಎಂದುಕೊಂಡು ಹದಿನೇಳು ಫೋಟೋಗಳಿಂದ ಅವಳನ್ನು ಕತ್ತರಿಸಿ ತೆಗೆದವಳು ನಾನೇ.

ಒಂದರ ಮುಂದೆ ಕೈ ನಿಂತಿತು. ಅಕ್ಕಿಕಾಳು ಇನ್ನೂ ಗಾಳಿಯಲ್ಲಿವೆ. ಅಣ್ಣ ಬಾಸಿಂಗ ಓರೆ ಮಾಡಿಕೊಂಡು ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಾನೆ. ಅವಳು ಕಳಸವನ್ನು ಎದೆಗೊತ್ತಿಕೊಂಡು ಬಿದ್ದುಬಿದ್ದು ನಗುತ್ತಿದ್ದಾಳೆ. ನಾನು ಈವರೆಗೆ ತೆಗೆದ ಫೋಟೋಗಳಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿಲ್ಲ. ಮುಚ್ಚಿಬಿಡಬೇಕೆಂದು ಕೈ ಹೋಯಿತು. ಅಷ್ಟರಲ್ಲಿ ಬೆನ್ನ ಹಿಂದೆ ಚಹಾದ ಕಪ್ಪು-ಬಸಿಯ ಸದ್ದು.

"ಇದನ್ಯಾಕ ತೋರಿಸ್ಲಿಲ್ಲ?"

ಸುಳ್ಳು ಸಿದ್ಧವಾಗಿರಲಿಲ್ಲ. "ಅದು ನನ್ನ ಜಾಗಾ ಇತ್ತು" ಎಂದೆ.

"ನಾ ಏನ ಕಸಗೊಂಡಿದ್ನೇನ ಅಕ್ಕಾ? ಯಾರರ ಹಿಡೀಲಿ ಅಂದಾಕಿ ನೀನ, ದೊಡ್ಡವ್ವ ಹೇಳ್ಯಾಳ. ಆ ಯಾರರ ಅನ್ನೂದು ನಾ." ಕಪ್ಪು ಕೆಳಗಿಟ್ಟು ಪೆನ್‌ಡ್ರೈವ್ ಚಾಚಿದಳು. "ಇದನ್ನ ಹಾಕಿಕೊಡು."

ಹಾಕಿದೆ. ಫೋಟೋ ಹೋಗುತ್ತಿರುವಾಗ ತಡೆಯಲಾಗದೆ ಕೇಳಿದೆ: "ಅಣ್ಣ ಏನಂದಿದ್ದ?"

ಪರದೆಯ ಮೇಲಿನ ತನ್ನ ಮುಖವನ್ನು ನೋಡುತ್ತ ತುಟಿ ಕಚ್ಚಿ ನಗು ತಡೆದಳು.

"ನೆನಪಿಲ್ಲ" ಎಂದಳು.

ಪೆನ್‌ಡ್ರೈವ್ ಕಿತ್ತು ಅವಳ ಕೈಗೆ ಕೊಟ್ಟೆ. ಅವಳಿಗೆ ನೆನಪಿದೆ.