ಎಲ್ಲದಕ್ಕೂ ಐದು

ಕಳೆದ ವಾರ ಕೊಪ್ಪದ ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಯಂತ್ರದಿಂದ ಆಗಷ್ಟೇ ಹೊರಬಂದ ಬಿಸಿ ಕಾಗದಕ್ಕೆ ಒಂದು ವಾಸನೆ ಇರುತ್ತದಲ್ಲ, ಸುಟ್ಟಂತೆಯೂ ಹೌದು, ಸಿಹಿಯಂತೆಯೂ ಹೌದು... ನಾನು ಪ್ರತಿ ಮಾಡಿಸುತ್ತಿದ್ದದ್ದು ಪಿಎಚ್‌ಡಿ ಅರ್ಜಿಯ ಖಾಲಿ ನಮೂನೆ, ವಿಷಯ ಮ್ಯಾನೇಜ್‌ಮೆಂಟ್. ತಪ್ಪಾದರೆ ಇರಲಿ ಎಂದು ಎರಡು ಹೆಚ್ಚಿಗೆ. ನೆನಪಾದದ್ದು ಮಾತ್ರ ಕಾಲೇಜಿನಲ್ಲಿ ನಮಗೆ ವಾಣಿಜ್ಯ ಕಲಿಸಿದ ಮೇಷ್ಟ್ರು.

ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡಿದವರೂ ಅವರೇ. ಎದುರಾಳಿಯ ಮಾತನ್ನು ಮೊದಲು ಅವನಿಗಿಂತ ಚೆನ್ನಾಗಿ ಹೇಳು, ಆಮೇಲೆ ಒಡೆ ಎನ್ನುತ್ತಿದ್ದರು. ನಾನು ಎರಡನೆಯ ಭಾಗವನ್ನಷ್ಟೇ ಕಲಿತೆ.

ಆಗ ಅವರಿಗೆ ಐವತ್ತು ಸಮೀಪಿಸಿತ್ತು. ಮ್ಯಾನೇಜ್‌ಮೆಂಟ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಪ್ರಬಂಧ ಒಪ್ಪಿಸಲು ಒಂದೇ ವರ್ಷ ಉಳಿದಿತ್ತು. ಸಣ್ಣ ಅಂಗಡಿಯವರು ವ್ಯಾಪಾರದ ತೀರ್ಮಾನಗಳನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂಬುದು ವಿಷಯ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಅಂಗಡಿ ಅಂಗಡಿಗೆ ಹೋಗಿ, ಜೆರಾಕ್ಸ್ ಮಾಡಿಸಿದ ಪ್ರಶ್ನಾವಳಿ ತುಂಬಿಸುತ್ತಿದ್ದರು. ಪ್ರತಿ ವಾಕ್ಯದ ಮುಂದೆ ಒಂದರಿಂದ ಐದರವರೆಗೆ ಅಂಕಿ. ಒಪ್ಪಿಗೆಯೇ ಇಲ್ಲದಿದ್ದರೆ ಒಂದಕ್ಕೆ ಸುತ್ತು ಹಾಕಬೇಕು, ಪೂರ್ತಿ ಒಪ್ಪಿದರೆ ಐದಕ್ಕೆ.

ಒಂದು ಶನಿವಾರ ನರಸಿಂಹರಾಜಪುರಕ್ಕೆ ನಾನೂ ಜೊತೆಗೆ ಹೋದೆ. ಪಾತ್ರೆ ಅಂಗಡಿಯವರೊಬ್ಬರು ಓದುವ ಗೋಜಿಗೂ ಹೋಗದೆ ಸಾಲಾಗಿ ಐದಕ್ಕೇ ಸುತ್ತು ಹಾಕಿಕೊಟ್ಟರು. ‘ವ್ಯಾಪಾರ ವಿಸ್ತರಿಸುವ ಯೋಚನೆಯಿದೆ’ ಎಂಬುದಕ್ಕೆ ಐದು. ಅದರ ಕೆಳಗೇ ‘ಅಂಗಡಿ ಮುಚ್ಚುವ ಯೋಚನೆಯಿದೆ’ ಎಂದಿತ್ತು, ಅದಕ್ಕೂ ಐದು.

“ಎರಡೂ ಹ್ಯಾಗೆ ಸಾಧ್ಯ?” ಎಂದೆ.

“ಎಂತ ಮಾರಾಯ್ತಿ, ಮೇಷ್ಟ್ರು ಅಷ್ಟು ದೂರದಿಂದ ಬಂದು ಕೇಳಿದಾರೆ. ಕಮ್ಮಿ ಹಾಕಿ ಕಳಿಸೋದಾ? ನನ್ನ ಮಗನಿಗೆ ಪಾಠ ಮಾಡಿದವ್ರು. ಅವನಿಗೆ ಇವ್ರು ಐದು ಮಾರ್ಕೂ ಕೊಡ್ಲಿಲ್ಲ, ಅದು ಬೇರೆ!”

ಮೇಷ್ಟ್ರು ಜೋರಾಗಿ ನಕ್ಕರು. ನಾನು ನಗಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ತುಂಬಿದ ಹಾಳೆಗಳ ಕಟ್ಟು ಬಿಚ್ಚಿ ಒಂದೊಂದೇ ನೋಡಿದೆ. ಬಹುಪಾಲು ಹಾಳೆಗಳು ಹಾಗೆಯೇ ಇದ್ದವು.

“ಇವರ್ಯಾರೂ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ ಸರ್, ನಿಮಗೆ ಮರ್ಯಾದೆ ಕೊಟ್ಟಿದಾರೆ. ಇದನ್ನ ಇಟ್ಕೊಂಡು ಪ್ರಬಂಧ ಬರೆದ್ರೆ ಅದು ಸುಳ್ಳು.”

ಅವರು ಹಾಳೆಗಳನ್ನು ತೆಗೆದುಕೊಂಡು ಮತ್ತೆ ಕಟ್ಟು ಕಟ್ಟಿದರು. “ಹೌದು ಮಾರಾಯ್ತಿ, ನೀ ಹೇಳೋದು ಸರಿ” ಎಂದರು. ಅಷ್ಟೇ... ವಾದ ಗೆದ್ದ ಖುಷಿಯಲ್ಲಿ ನಾನು ಕೊಪ್ಪದಲ್ಲಿ ಇಳಿದು ಮನೆಗೆ ಹೋದೆ. ಅವರು ಶೃಂಗೇರಿಯ ಬಸ್ಸಿಗೆ ಕಾಯುತ್ತಾ ನಿಂತರು.

ಮೇಷ್ಟ್ರು ಪ್ರಬಂಧ ಒಪ್ಪಿಸಲೇ ಇಲ್ಲ. ಗಡುವು ದಾಟಿತು. ನನ್ನ ಮಾತಿನಿಂದಲೇ ಕೈಬಿಟ್ಟರೇ? ಒಬ್ಬ ವಿದ್ಯಾರ್ಥಿನಿಯ ಮಾತಿಗೆ ಅಷ್ಟು ತೂಕ ಇರಲಾರದು ಎಂದು ನನಗೆ ನಾನೇ ವಾದಿಸಿಕೊಂಡೆ. ಸುಳ್ಳು ಬರೆಯುವುದರಿಂದ ಅವರನ್ನು ನಾನೇ ಉಳಿಸಿದೆ ಎಂದೂ ವಾದಿಸಿಕೊಂಡೆ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ ಎಂದು ಗೊತ್ತಿದ್ದೂ ಎರಡನ್ನೂ ಇಟ್ಟುಕೊಂಡೆ. ಹೋಗಿ ಅವರನ್ನೇ ಕೇಳುವ ಧೈರ್ಯ ಬರಲಿಲ್ಲ. ಹೀಗೆ ಮೂರು ವರ್ಷ...

ಹೋದ ವರ್ಷ ಅವರು ತೀರಿಕೊಂಡರು. ಶೃಂಗೇರಿಯ ಮನೆಗೆ ಹೋದಾಗ ಅವರ ಹೆಂಡತಿ, “ನೀನೇ ಅಲ್ದಾ ಆ ಡಿಬೇಟ್ ಹುಡುಗಿ?” ಎಂದು ಗುರುತು ಹಿಡಿದರು. ತಡೆಯಲಾಗದೆ ಕೇಳಿಬಿಟ್ಟೆ.

“ಯಾಕೆ ಬಿಟ್ರು ಅಂತ ನಂಗೆ ಹೇಳ್ಲಿಲ್ಲ. ಆದ್ರೆ ರಜೆ ಬಂದ್ರೆ ಸಾಕು, ಅದೇ ಅಂಗಡಿಗಳಿಗೆ ಹೋಗ್ತಿದ್ರು. ಪೇಪರ್ ಗೀಪರ್ ಎಂತದೂ ಇಲ್ಲ. ಸುಮ್ನೆ ಕೂತು ಮಾತಾಡಿ ಬರ್ತಿದ್ರು.”

“ಸಂಶೋಧನೆಗಾ?”

“ಎಂತಕ್ಕೋ... ನಾ ಕೇಳ್ಲಿಲ್ಲ. ನೀ ಒಂದ್ಸಲ ಬಂದು ಕೇಳ್ಬಹುದಿತ್ತಲ್ಲ?”

ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಏನಾದರೂ ಸಮರ್ಥನೆ ಹೇಳುತ್ತಿದ್ದೆನೇನೋ.

ಈಗ ಅರ್ಜಿಯಲ್ಲಿ ‘ಸಂಶೋಧನಾ ವಿಧಾನ’ ಎಂಬ ಜಾಗ ಮಾತ್ರ ಉಳಿದಿದೆ. ಪ್ರಶ್ನಾವಳಿ ಎಂದು ಬರೆದೆ, ಹೊಡೆದುಹಾಕಿದೆ. ಸುಮ್ಮನೆ ಕೂತು ಮಾತಾಡುವುದು ಎಂದು ಬರೆದರೆ ಯಾರೂ ಒಪ್ಪಲಾರರು ಅನ್ನಿಸುತ್ತದೆ. ಒಪ್ಪಿದರೂ ಒಪ್ಪಬಹುದು ಅಂತಲೂ... ಇದನ್ನು ಕೇಳಲು ನನಗಿದ್ದವರು ಒಬ್ಬರೇ. ಕೊಪ್ಪದಿಂದ ಶೃಂಗೇರಿಗೆ ಒಂದು ಗಂಟೆಯ ದಾರಿ. ಅವರಿದ್ದಷ್ಟು ದಿನ ನಾನು ಹೋಗಲಿಲ್ಲ.