ಮೂರನೆಯ ಪಿಸ್ಟನ್ನಿನ ಸಪ್ಪಳ

ಶಬ್ದವನ್ನು ಸೃಜಿಸಿದವನಿಗೆ, ಅದನ್ನು ಕೇಳುವ ಕಿವಿಯನ್ನು ಕರುಣಿಸಿದವನಿಗೆ, ಉದಾತ್ತ ಅನುದಾತ್ತ ಸ್ವರಗಳ ಭೇದವನ್ನು ತಾಳ್ಮೆಯಿಂದ ತಿದ್ದಿದ ನನ್ನ ಗುರುಗಳಿಗೆ ಮೊದಲು ಕೃತಜ್ಞತೆಯ ನಮಸ್ಕಾರ.

ಮಿಲಿಂದ ಅವರೇ, ಅಂದು ನೀವು ನನಗೆ ಸ್ಪಷ್ಟವಾಗಿ ಹೇಳಿದ್ದಿರಿ. ಹೇಳಲಿಲ್ಲವೆಂದು ನಾನು ಸುಳ್ಳು ನುಡಿದೆ. ಹನ್ನೊಂದು ವರ್ಷಗಳಿಂದ ಬೈಲಹೊಂಗಲದ ಜನ ನಂಬಿರುವುದು ಆ ಸುಳ್ಳನ್ನು.

ಆಗ ನಾನು ಅಲ್ಲಿಯ ಪಾಠಶಾಲೆಯಲ್ಲಿ ವೇದ ಕಲಿಸುತ್ತಿದ್ದೆ. ನಿಮ್ಮ ಗ್ಯಾರೇಜು ಅದೇ ಬೀದಿಯಲ್ಲಿ — ಬುದ್ಧನ ಪಟ, ಅದರ ಕೆಳಗೆ ನಟ್ಟು ಬಿಚ್ಚುವ ಪಾನಾಗಳ ಸಾಲು. ನನ್ನ ಹಳೆಯ ಕಾರು ಏರು ಹತ್ತುವಾಗ ಬಡಿದುಕೊಳ್ಳತೊಡಗಿತ್ತು. ನೀವು ಎಂಜಿನ್ ಚಾಲೂ ಇಟ್ಟು ಒಂದೊಂದೇ ಪ್ಲಗ್ಗಿನ ವಾಯರ್ ತೆಗೆದು ನೋಡಿದಿರಿ. ಮೂರನೆಯದನ್ನು ತೆಗೆದಾಗ ಬಡಿತ ತಗ್ಗಿತು. ಬಳಿಕ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿದಿರಿ. ಜಪಕ್ಕೆ ಕುಳಿತವರಲ್ಲಿಯೂ ಅಂಥ ಏಕಾಗ್ರತೆಯನ್ನು ನಾನು ಹೆಚ್ಚು ಕಂಡಿಲ್ಲ.

“ಆಚಾರ್ರ, ಸಪ್ಪಳ ತಳದಾಗಿಂದ ಬರಾಕತ್ತೇತ್ರಿ. ಮೂರನೇ ಪಿಸ್ಟನ್ನಿನ ಬೇರಿಂಗ್ ಸವದೇತಿ. ತಳದ ಎಣ್ಣಿ ಚೇಂಬರ್ ಬಿಚ್ಚಿ ನೋಡೂತನಕ ಗಾಡಿ ಊರ ದಾಟಸಬ್ಯಾಡ್ರಿ.”

“ಮ್ಯಾಲಿನ ಟ್ಯಾಪೆಟ್ ಸಪ್ಪಳ ಅದು, ಬಿಗಿ ಮಾಡಿದ್ರ ಹೋಗ್ತದ. ನಲವತ್ತು ವರ್ಷ ಸ್ವರಾ ತಿದ್ದೀನಿ, ನನಗ ಕೇಳೂದ ಕಲಸ್ತೀಯೇನೋ?”

ನೀವು ನಕ್ಕಿರಿ. “ಸ್ವರಾ ತಪ್ಪಿದ ಹುಡುಗೂರ ಕಿವಿ ಹಿಂಡತೀರಿ, ಇದರದು ಎಲ್ಲಿ ಹಿಂಡ್ತೀರಿ? ತಗೋರಿ, ನೀವ ಹಚ್ಚಿ ಕೇಳ್ರಿ” ಎಂದು ಸ್ಕ್ರೂಡ್ರೈವರನ್ನು ನನ್ನತ್ತ ಚಾಚಿದಿರಿ.

“ಮಡಿಯೊಳಗಿದ್ದೀನಿ” ಎಂದು ಕೈ ಹಿಂದೆಗೆದೆ.

ಮಡಿಯಲ್ಲಿರಲಿಲ್ಲ. ಆಗತಾನೆ ಬಸ್ ನಿಲ್ದಾಣದ ಎದುರು ಚಹಾ ಕುಡಿದು ಬಂದಿದ್ದೆ. ನಿಮ್ಮ ಕಿವಿಗೆ ತಾಗಿದ ಹಿಡಿ ನನ್ನ ಕಿವಿಗೆ ತಾಗಬಾರದೆಂದು — ಬರೆಯಲು ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ — ಅಷ್ಟೇ ಕಾರಣ. ಹಟ ಹಿಡಿದು ನಿಮ್ಮಿಂದ ಟ್ಯಾಪೆಟ್ ಮಾತ್ರ ಬಿಗಿ ಮಾಡಿಸಿಕೊಂಡೆ.

ಮರುದಿನ ಪಾಠಶಾಲೆಯ ಸಮಿತಿಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಸಿರಸಂಗಿಗೆ ಪಾರಾಯಣಕ್ಕೆ ಹೊರಟೆ. ಸವದತ್ತಿ ದಾಟಿದ ಮೇಲೆ ಎಂಜಿನ್ ಒಡೆಯಿತು. ಪಿಸ್ಟನ್ನಿನ ರಾಡು ಮುರಿದು, ರಸ್ತೆಯ ತುಂಬ ಕರಿ ಎಣ್ಣೆ. ಫೋನು ಮಾಡಿದೆ. ನೀವು ಯಾರದೋ ಜೀಪು ಕೇಳಿಕೊಂಡು, ಹಗ್ಗ ಹಿಡಿದು ಬಂದಿರಿ. ಇಳಿದವರೇ, “ನಿಮಗಿಬ್ಬರಿಗೂ ಏನೂ ಆಗಿಲ್ಲಲ್ರಿ?” ಎಂದಿರಿ. ಕಾರಿನತ್ತ ನೋಡಿದ್ದು ಆಮೇಲೆ.

ಹಿರಿಯರು ಸಿಡುಕಿದರು: “ನಿನ್ನೆ ನಿನಗ ತೋರಿಸಿದ್ರಂತಲ್ಲೋ? ಕೆಟ್ಟೇತಿ ಅಂತ ಹೇಳಾಕ ಏನಾಗಿತ್ತು?”

ನೀವು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: “ಏನೂ ಹೇಳಲಿಲ್ರಿ. ಟ್ಯಾಪೆಟ್ ಬಿಗಿ ಮಾಡಿ, ಹೋಗ್ರಿ ಅಂದ.”

ನೀವು ಒಮ್ಮೆ ನನ್ನನ್ನು ನೋಡಿದಿರಿ. ಆ ನೋಟದಲ್ಲಿ ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು — ನಾಚಿಕೆಯಿತ್ತು, ನನ್ನ ಪರವಾಗಿ ನೀವು ಪಟ್ಟ ನಾಚಿಕೆ. ಬಗ್ಗಿ ಹಗ್ಗ ಕಟ್ಟಿ, “ಬ್ರೇಕಿನ ಮ್ಯಾಲ ಕಾಲಿರಲ್ರಿ, ಆಚಾರ್ರ” ಎಂದಷ್ಟೇ ಹೇಳಿದಿರಿ.

ಪಾಠಶಾಲೆಯ ವಾಹನಗಳು ನಿಮ್ಮಲ್ಲಿಗೆ ಬರುವುದು ನಿಂತಿತು. ಅದನ್ನು ಕಂಡು ಉಳಿದವರದೂ. ವರ್ಷದೊಳಗೆ ಗ್ಯಾರೇಜಿಗೆ ಬೀಗ ಬಿತ್ತು. ನಾನು ದಿನವೂ ಆ ಬೀಗದ ಮುಂದೆಯೇ ಹಾದು, ‘ಸತ್ಯಂ ವದ’ ಎಂದು ಕಲಿಸಲು ಹೋಗುತ್ತಿದ್ದೆ.

ಹೋದ ತಿಂಗಳು, ಈಗ ನೀವಿರುವ ಸುರೇಬಾನಕ್ಕೆ ಬಂದೆನಲ್ಲ — ಇದನ್ನೇ ಹೇಳಲು ಬಂದಿದ್ದೆ. ಬೇರೊಬ್ಬರ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಕೆಳಗಿಂದ ಎದ್ದು ಬಂದು, ನಿಮ್ಮ ಅಂಗಿಯ ತುದಿಯಿಂದ ಕುರ್ಚಿ ಒರೆಸಿ, “ಕುಂಡ್ರಿ, ಆರಾಮ ಅದೀರಿ?” ಎಂದಿರಿ. ಚಹಾ ತರಿಸಿದಿರಿ. ಕುಡಿದೆ. ಮಳೆಯ ಮಾತಾಡಿದೆ. ಬಸ್ಸು ಹತ್ತಿದೆ.

ಬರುವ ಸೋಮವಾರ ಸಮಿತಿಯ ಸಭೆಯಿದೆ. ಆ ಹಿರಿಯರೂ ಇರುತ್ತಾರೆ. ಈ ಕಾಗದವನ್ನು ಅಲ್ಲಿ ನಾನೇ ನಿಂತು ಓದುತ್ತೇನೆ; ಮಡಿಯ ಮಾತನ್ನೂ ಬಿಡುವುದಿಲ್ಲ. ನೀವು ಬರಬೇಕಾಗಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ. ಮುಚ್ಚಿದ ಬಾಗಿಲು ಇದರಿಂದ ತೆರೆಯದೆಂದು ಬಲ್ಲೆ.

ನನ್ನ ಮಾತನ್ನು ನಂಬಿದ ಆ ಹಿರಿಯರಿಗೆ, ಕೇಳಿದೊಡನೆ ಜೀಪು ಕೊಟ್ಟ ಅಪರಿಚಿತರಿಗೆ, ನಿಮ್ಮೊಡನೆ ಊರು ಬಿಟ್ಟು ಬಂದ ನಿಮ್ಮ ಮನೆಯವರಿಗೆ, ಸುರೇಬಾನದಲ್ಲಿ ನಿಮಗೆ ಕೆಲಸ ಕೊಟ್ಟವರಿಗೆ, ಎಲ್ಲರಿಗಿಂತ ಮೊದಲು ನಿಮಗೆ — ಮಂಗಳವಾಗಲಿ.