ಮಾಳಿಗೆ ಹತ್ತಿದ ವರ

ನನ್ನನ್ನು ನೋಡಲು ಬಂದ ವರ, ನನ್ನ ಮುಖ ನೋಡುವ ಮೊದಲೇ ಏಣಿ ಹತ್ತಿ ನಮ್ಮ ಮಣ್ಣಿನ ಮಾಳಿಗೆ ಏರಿದರು. ನಿಜಾಮರ ಕಾಲ, ತಾವರಗೇರಾದಲ್ಲಿ.

ಹತ್ತುವಂತೆ ಮಾಡಿದ್ದು ನಮ್ಮಪ್ಪನ ಮಾತು. ವರ ಸಿಕಂದರಾಬಾದಿನಲ್ಲಿ ಬ್ರಿಟಿಷ್ ಸಾಹೇಬರಿಗೆ ಗಾಲ್ಫ್ ಕಲಿಸುತ್ತಿದ್ದರು, ಪಂದ್ಯ ಆಡಿ ಎರಡು ಬೆಳ್ಳಿ ಕಪ್ಪು ಗೆದ್ದಿದ್ದರು. ಅಪ್ಪ ನಕ್ಕುಬಿಟ್ಟ. "ಚೆಂಡು ಹೊಡಿಯೋದೂ ಒಂದು ಉದ್ಯೋಗೇನ್ರಿ? ಮಳಿ ಬಂದ್ರ ನಮ್ಮ ಮಾಳಗಿ ಸೋರಿ ಒಲಿ ಆರತೈತಿ. ಅದನ್ನ ನಿಲ್ಲಸತೈತೇನು ನಿಮ್ಮ ಆಟ?" ಹೆಣ್ಣು ಕೊಡುವ ಮನಸ್ಸು ಅವನಿಗಿರಲಿಲ್ಲ.

ಮಾಳಿಗೆಯ ಮೇಲೆ ವರ ಕುಕ್ಕರಗಾಲಿನಲ್ಲಿ ಕೂತು, ಚೆಂಡು ಹೊಡೆಯುವ ಮೊದಲು ಮೈದಾನದಲ್ಲಿ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಇಳಿಜಾರು ನೋಡಿದರು. ಜೇಬಿನಿಂದ ಬಿಳಿ ಚೆಂಡು ತೆಗೆದು ಮೆಲ್ಲಗೆ ಉರುಳಿಸಿದರು. ಅದು ನೀರು ಹೊರಬೀಳುವ ದೋಣಿಯ ಕಡೆ ಹೋಗದೆ, ಮೂಲೆಗೆ ತಿರುಗಿ ನಮ್ಮ ಅಡುಗೆಮನೆಯ ಮೇಲೆ ನಿಂತಿತು.

"ನೀರೂ ಇಲ್ಲೇ ನಿಲ್ಲತಾವ್ರಿ ಮಾವಾರ. ನಾಕು ಬುಟ್ಟಿ ಮಣ್ಣು ಹಾಕಸ್ರಿ."

"ಹೆಣ್ಣು ಕೊಡೋಕಿಂತ ಮುಂಚೇನ ಮಾವ ಆದ್ನೇನೋ ತಮ್ಮಾ?" ಎಂದ ಅಪ್ಪ. ಆದರೆ ಮಣ್ಣು ಹಾಕಿಸಿದ. ಆ ಸಲದ ಮಳೆಗೆ ಒಲೆ ಆರಲಿಲ್ಲ. ಮಳೆಗಾಲ ಮುಗಿದ ಮೇಲೆ ಹೆಣ್ಣು ಕೊಟ್ಟ.

ನಮ್ಮವರು ಮುಂದೆ ಇನ್ನೂ ಹಲವು ಕಪ್ಪು ಗೆದ್ದರು. ಗೆದ್ದ ದಿನವೂ ಸಾಹೇಬರು ಅವರನ್ನು ತಮ್ಮ ಜೊತೆ ಊಟಕ್ಕೆ ಕೂರಿಸುತ್ತಿರಲಿಲ್ಲ. ತಾವರಗೇರಾಕ್ಕೆ ಬಂದರೆ ಮಾತ್ರ ಜನ ಅವರನ್ನು ಕರೆದೊಯ್ದು ತಮ್ಮ ಮಾಳಿಗೆ ಹತ್ತಿಸುತ್ತಿದ್ದರು, ಇಳಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಿದ್ದರು.